ಅಣ್ಣನ ಗಂಟಲು, ತಮ್ಮನ ತಂತಿ

ಆ ಮನೆಯ ಹಿತ್ತಲಿನ ಹಗ್ಗದ ಮೇಲೆ ವಾರಕ್ಕೊಮ್ಮೆ ತಲೆಬುರುಡೆಗಳು ಒಣಗುತ್ತಿದ್ದವು. ಕರಿಯ ಅಂಗಿಗಳ ಮೇಲೆ ಅಚ್ಚು ಹಾಕಿದ ಚಿತ್ರಗಳು ಅವು. ಒಂದರ ಕಣ್ಣಿನಿಂದ ಬೆಂಕಿ ಬರುತ್ತಿತ್ತು, ಇನ್ನೊಂದರ ಬಾಯಿಂದ ಹಾವು. ಇಬ್ಬರು ಗಂಡುಮಕ್ಕಳ ಆ ಅಂಗಿಗಳನ್ನು ತಾಯಿಯೇ ಒಗೆದು, ಪ್ರತಿಯೊಂದನ್ನೂ ಒಳಮೈ ಹೊರಗೆ ಮಾಡಿ ಹಗ್ಗಕ್ಕೆ ಹಾಕುತ್ತಿದ್ದಳು. ದೇವರಿಗೆ ಎರಡು ಮಗ್ಗುಲೂ ಕಾಣುತ್ತವೆಂದು ಅವಳಿಗೆ ಗೊತ್ತಿತ್ತು. ಅವನ ಹತ್ತಿರ ಆ ವಿಷಯವನ್ನು ಎಂದೋ ಮಾತಾಡಿ ಮುಗಿಸಿದ್ದಳು: ಮಕ್ಕಳು ಒಳ್ಳೆಯವರು, ಅಂಗಿ ಮಾತ್ರ ಹೀಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಳಮೈ ತಿರುಗಿಸುತ್ತಿದ್ದದ್ದು ಪಕ್ಕದ ಮನೆಯವರಿಗಾಗಿ.

ಚಿಕ್ಕವನು ಗಿಟಾರು ನುಡಿಸುವವನು. ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದಲ್ಲಿ ಅವನಿಗೆ ಹೆಸರಿತ್ತು. ಇನ್ನೂ ಶಾಲೆಯಲ್ಲಿದ್ದಾಗ ಯಾರೋ ಮುದುಕ ಕೊಟ್ಟ ಬಿರುಕು ಬಿಟ್ಟ ಗಿಟಾರನ್ನು ಹಿಡಿದು ಹಿತ್ತಲಿನ ಶೆಡ್ಡಿಗೆ ಹೋದವನು, ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ. ಮೊದಮೊದಲು ಎಡಗೈ ಬೆರಳುಗಳ ತುದಿ ಸುಲಿದು, ಉಪ್ಪು ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಜಡ್ಡು ಕಟ್ಟಿತು. ಒಲೆಯ ಮೇಲಿನ ಬಿಸಿ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿಕೊಡಲು ಆ ಬೆರಳುಗಳು ಒದಗಿದವು. ಈ ಸಂಗೀತದಿಂದ ತನಗಾದ ಮೊದಲ ಉಪಕಾರ ಇದು ಎಂದು ತಾಯಿ ನಗುತ್ತಿದ್ದಳು.

ಯಜಮಾನರು ಸಗಟು ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುವವರು. ಶೆಡ್ಡಿನ ಸದ್ದು ಕೇಳಿ, ಇದೇನು ಸಂಗೀತವೋ ಜಲ್ಲಿ ಒಡೆಯುವ ಯಂತ್ರವೋ ಎಂದು ಅವರು ಕೇಳಿದ್ದು ಒಂದೇ ಸಲ. ಮರುದಿನ ಮಾರುಕಟ್ಟೆಯಿಂದ ಮೊಟ್ಟೆ ಇಡುವ ಖಾಲಿ ರಟ್ಟಿನ ತಟ್ಟೆಗಳನ್ನು ಹೊತ್ತು ತಂದು, ಶೆಡ್ಡಿನ ಗೋಡೆಗೆಲ್ಲ ಬಡಿದು ಕೂರಿಸಿದರು. ಸದ್ದು ಅರ್ಧ ತಗ್ಗಿತು. ಉಳಿದರ್ಧವನ್ನು ಮನೆಯವರು ಸಹಿಸಿಕೊಂಡರು.

ತಮ್ಮ ನುಡಿಸತೊಡಗಿದ ಮೇಲೆ ಅಣ್ಣ ಸುಮ್ಮನಿರುವುದುಂಟೆ. ದೊಡ್ಡವನಿಗೆ ಅಪ್ಪನ ಗಂಟಲು ಬಂದಿತ್ತು. ಅವನು ಹಾಡಿದ. ಬೇಕರಿಯ ಹುಡುಗನೊಬ್ಬ ಡ್ರಮ್ಮು ಬಾರಿಸಲು ಬಂದ, ಇನ್ನೊಬ್ಬ ದಪ್ಪ ತಂತಿಯ ಗಿಟಾರು ಹಿಡಿದು ಬಂದ. ತಂಡವಾಯಿತು. ಅಷ್ಟರಲ್ಲಿ ಯಜಮಾನರಿಗೆ ಎದೆಯ ಕಾಯಿಲೆ ಹಿಡಿಯಿತು. ಮಾರುಕಟ್ಟೆಯ ಜಾಗ ಕೈಬಿಟ್ಟು ಹೋಗಬಾರದೆಂದರೆ ಒಬ್ಬ ಮಗ ಹೋಗಲೇಬೇಕಿತ್ತು. ಅಂದು ಮೇಜಿನ ಸುತ್ತ ಕೂತಾಗ ದೊಡ್ಡವನು ಬ್ರೆಡ್ಡು ಮುರಿಯುತ್ತ, "ಇವನ ಬೆರಳು ತರಕಾರಿ ಪೆಟ್ಟಿಗೆ ಸಂದಿಗೆ ಸಿಕ್ಕಿದ್ರೆ ಕಥೆ ಮುಗೀತು. ಕೂಗೋದು ತಾನೇ, ನಾನು ಹೋಗ್ತೀನಿ," ಅಂದ. ಮಾತು ಅಲ್ಲಿಗೆ ಮುಗಿಯಿತು. ಅಂದಿನಿಂದ ಬೆಳಗಿನ ಜಾವ ಮಾರುಕಟ್ಟೆಯಲ್ಲಿ ಟೊಮೆಟೊ ಕೂಗುವುದು, ಸಂಜೆ ಶೆಡ್ಡಿನಲ್ಲಿ ಹಾಡುವುದು, ಇದು ಅವನ ದಿನಚರಿ.

ದೇವರು ದಾರಿ ಕೊಟ್ಟ. ನೆಲಮಾಳಿಗೆಗಳಲ್ಲಿ ಮೂವತ್ತು ನಲವತ್ತು ಜನರ ಮುಂದೆ ನುಡಿಸಿದವರು ಕ್ರಮೇಣ ಮೈದಾನಗಳಲ್ಲಿ ನುಡಿಸಿದರು. ಚಿಕ್ಕವನ ಗಿಟಾರು ವರ್ಷದಿಂದ ವರ್ಷಕ್ಕೆ ತಗ್ಗಿನ ಶ್ರುತಿಗೆ ಇಳಿಯಿತು. ತಂತಿಗಳು ದಪ್ಪವಾದವು. ಆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುತ್ತಿತ್ತು. ಪತ್ರಿಕೆಯೊಂದು ಅದನ್ನು ಪಾತಾಳದ ಸದ್ದು ಎಂದು ಹೊಗಳಿತು. ಎಳೆಯ ಹುಡುಗರ ತಂಡಗಳು ಅದನ್ನೇ ಅನುಕರಿಸಿದವು. ಇಷ್ಟು ಕೆಳಗೇಕೆ ಇಳಿದಿರಿ ಎಂದು ಯಾರಾದರೂ ಕೇಳಿದರೆ ಚಿಕ್ಕವನು ತಲೆ ಕೆರೆದುಕೊಂಡು ನಗುತ್ತಿದ್ದ. ಉತ್ತರ ಹೇಳುವುದು ದೊಡ್ಡವನ ಕೆಲಸ. "ಭಾರ ಬೇಕಿತ್ತು. ಇಳಿದೆವು. ಧೈರ್ಯ ಇದ್ದವರು ಇಳೀಲಿ," ಅನ್ನುತ್ತಿದ್ದ. ಹುಡುಗರು ಆ ಮಾತನ್ನು ಅಂಗಿಯ ಮೇಲೆ ಬರೆಸಿಕೊಂಡರು. ಅಂಥದ್ದೊಂದನ್ನೂ ತಾಯಿ ಒಗೆದಿದ್ದಾಳೆ.

ಯಜಮಾನರು ಹೋದ ವರ್ಷ ತೀರಿಕೊಂಡರು. ದುಃಖ ಎಲ್ಲರಿಗೂ ಇತ್ತು, ಆದರೆ ಮನೆ ನಿಲ್ಲಲಿಲ್ಲ. ಸೊಸೆ, ದೊಡ್ಡವನ ಹೆಂಡತಿ, ಔಷಧಿ ಅಂಗಡಿಯ ಕೆಲಸಕ್ಕೆ ಹೋದಳು. ಮೊಮ್ಮಗಳು ಶಾಲೆಗೆ ಹೋದಳು. ಮದುವೆಯ ಗೋಜಿಗೆ ಹೋಗದ ಚಿಕ್ಕವನು ಮನೆಯ ಮಹಡಿಯಲ್ಲಿದ್ದುಕೊಂಡು ಹಗಲು ಮಕ್ಕಳಿಗೆ ಗಿಟಾರು ಕಲಿಸಿದ. ತಂಡ ಕಟ್ಟಿ ಇಪ್ಪತ್ತೈದು ವರ್ಷವಾಯಿತೆಂದು ದೊಡ್ಡ ಕಾರ್ಯಕ್ರಮವೊಂದು ನಿಗದಿಯಾಯಿತು. ಸಂಜೆಯಾದರೆ ಇಬ್ಬರು ಮಕ್ಕಳು ಒಂದೇ ಮೇಜಿನಲ್ಲಿ ಕೂತು, ಕೊನೆಯ ಆಲೂಗಡ್ಡೆ ಯಾರಿಗೆ ಎಂದು ಕಿತ್ತಾಡುತ್ತಿದ್ದರು. ಇನ್ನು ತನಗೆ ಉಳಿದಿರುವುದು ಇದೇ, ಇದೇ ಸಾಕು ಎಂದು ತಾಯಿ ದೇವರಿಗೆ ಹೇಳಿಕೊಳ್ಳುತ್ತಿದ್ದಳು.

ಆ ಸಾಕೆಂಬುದನ್ನು ತನ್ನ ಕೈಯಾರೆ, ಅಲ್ಲ ಬಾಯಾರೆ, ಅವಳೇ ಕೆಡಿಸಿದಳು.

ನಡೆದದ್ದು ಇಷ್ಟು. ಮೊಮ್ಮಗಳು ಶಾಲೆಯ ಗಾಯನ ತಂಡದಲ್ಲಿದ್ದಳು. ಅಪ್ಪನ ತಂಡದ ಮೊದಲ ಧ್ವನಿಸುರುಳಿಯನ್ನು ಎಲ್ಲಿಂದಲೋ ಹುಡುಕಿ ಹಾಕಿಕೊಂಡು, ಅದರ ಜೊತೆಗೆ ಶೆಡ್ಡಿನಲ್ಲಿ ಈಗ ನುಡಿಸುವುದನ್ನೂ ಕೇಳಿದ್ದಳು. ಒಂದೇ ಹಾಡು, ಎರಡು ಶ್ರುತಿ. ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪನನ್ನು ಕೇಳಿದಳು, ಒಂದೇ ಹಾಡನ್ನು ಮೊದಲು ಅಷ್ಟು ಮೇಲೆ ಹಾಡಿ ಈಗ ಇಷ್ಟು ಕೆಳಗೆ ಯಾಕೆ ಹಾಡುತ್ತೀರಿ, ಭಾರಕ್ಕೆ ಆದರೆ ಒಂದು ಸಲ ಇಳಿಸಿದರೆ ಸಾಲದೆ, ವರ್ಷ ವರ್ಷ ಚೂರು ಚೂರು ಯಾಕೆ ಇಳಿಸಬೇಕು ಎಂದು. ಚಿಕ್ಕವನು ತಟ್ಟೆಯೊಳಗಿನ ಬೇಳೆಯಲ್ಲಿ ಏನೋ ಹುಡುಕತೊಡಗಿದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮಗ ಪೇಚಿಗೆ ಸಿಕ್ಕಿದನಲ್ಲ ಎಂದು ತಾಯಿಯೇ ಕೈನೀಡಿದಳು.

"ಅಷ್ಟೂ ಗೊತ್ತಾಗಲ್ವೇನೇ? ನಿಮ್ಮಪ್ಪನ ಗಂಟಲಿಗೆ ಕಷ್ಟ ಆಗಬಾರದು ಅಂತ."

ದೊಡ್ಡವನ ಚಮಚ ಅರ್ಧದಲ್ಲಿ ನಿಂತಿತು. "ಏನಂದೆ ಅಮ್ಮ?"

ಅವನ ಮುಖ ನೋಡಿದ ಮೇಲೆ ಅವಳಿಗೆ ತಿಳಿಯಿತು. ಇವನಿಗೆ ಗೊತ್ತಿಲ್ಲ. ಇಷ್ಟು ವರ್ಷವೂ ಇವನಿಗೆ ಗೊತ್ತಿರಲಿಲ್ಲ. ಅಣ್ಣತಮ್ಮಂದಿರು ಒಪ್ಪಿಕೊಂಡು ಮಾಡಿಕೊಂಡ ಏರ್ಪಾಡು, ಹೊರಗೆ ಮಾತ್ರ ಭಾರವೆಂದು ಹೇಳುತ್ತಾರೆ ಎಂದು ಅವಳು ತಿಳಿದಿದ್ದಳು.

"ಎಷ್ಟು ವರ್ಷದಿಂದ?" ದೊಡ್ಡವನು ತಮ್ಮನನ್ನು ಕೇಳಿದ.

"ನೀನು ಮಾರುಕಟ್ಟೆಗೆ ಹೋಗೋಕೆ ಶುರು ಮಾಡಿ ಮೂರು ನಾಲ್ಕು ವರ್ಷ ಆಗಿತ್ತು ಅಣ್ಣ."

"ಬೇಕರಿಯವನಿಗೆ ಗೊತ್ತಾ?"

ಚಿಕ್ಕವನು ಹೌದೆಂದು ತಲೆಯಾಡಿಸಿದ.

"ಅಂದ್ರೆ ಎಲ್ಲರಿಗೂ ಗೊತ್ತು. ನಾನು ಮೈಕ್ ಮುಂದೆ ನಿಂತು ಧೈರ್ಯ ಇದ್ದವರು ಇಳೀಲಿ ಅಂತ ಬಡಾಯಿ ಕೊಚ್ಚುವಾಗ, ಹಿಂದೆ ನಿಂತು ನೀವೆಲ್ಲ ನಗ್ತಿದ್ರಿ."

"ಯಾರೂ ನಗಲಿಲ್ಲ."

"ನನಗೂ ಗೊತ್ತಿರಲಿಲ್ಲಪ್ಪ," ಎಂದು ಸೊಸೆ ನಡುವೆ ಬಂದಳು. "ನನ್ನನ್ನ ಆ ಲೆಕ್ಕಕ್ಕೆ ಸೇರಿಸಬೇಡಿ. ಊಟ ಮಾಡಿ."

ದೊಡ್ಡವನು ಎದ್ದು ತಟ್ಟೆಯನ್ನು ತಾನೇ ತೊಳೆದಿಟ್ಟು ಒಳಗೆ ಹೋದ. ಬೈದಿದ್ದರೆ ವಾಸಿಯಿತ್ತು. ತಟ್ಟೆ ತೊಳೆದದ್ದು ನೋಡಿ ಸೊಸೆಗೂ ಹೆದರಿಕೆಯಾಯಿತು, ಏಕೆಂದರೆ ಮದುವೆಯಾದಾಗಿನಿಂದ ಅವನು ತಟ್ಟೆ ತೊಳೆದವನಲ್ಲ.

ಮರುದಿನದಿಂದ ಮನೆಯಲ್ಲಿ ಎರಡು ಊಟವಾಯಿತು. ದೊಡ್ಡವನು ಬೆಳಕಿರುವಾಗಲೇ ಅಡುಗೆಮನೆಯ ಕಟ್ಟೆಯ ಬಳಿ ನಿಂತೇ ತಿಂದು ಮುಗಿಸುತ್ತಿದ್ದ. ಆಮೇಲೆ ಉಳಿದವರದು. ತಮ್ಮನಿಗೆ ಏನಾದರೂ ಹೇಳಬೇಕಾದರೆ ಮಗಳ ಮೂಲಕ. "ನಿಮ್ಮ ಚಿಕ್ಕಪ್ಪನಿಗೆ ಹೇಳು, ಮಹಡಿ ನಲ್ಲಿ ಸೋರ್ತಿದೆ." ಚಿಕ್ಕಪ್ಪ ಅಲ್ಲೇ ಎದುರಿಗೆ ಕೂತಿರುತ್ತಿದ್ದ. "ಸರಿ ಮಾಡ್ತೀನಿ ಅಂತ ನಿಮ್ಮಪ್ಪನಿಗೆ ಹೇಳು." ಹುಡುಗಿ ಮೊದಲು ನಕ್ಕಳು, ಆಮೇಲೆ ಬೇಸತ್ತಳು. ನಾನು ಗೋಡೆಯಲ್ಲ, ಚೆಂಡು ಹೊಡೆಯೋದಾದರೆ ಬೇರೆ ಗೋಡೆ ನೋಡಿಕೊಳ್ಳಿ ಎಂದು ಒಂದು ದಿನ ಸಿಡುಕಿ ಎದ್ದು ಹೋದಳು. ಎಲ್ಲ ತನ್ನ ಪ್ರಶ್ನೆಯಿಂದ ಆದದ್ದೆಂದು ಅಜ್ಜಿಯ ಮಡಿಲಲ್ಲಿ ಅತ್ತದ್ದೂ ಅದೇ ದಿನ. ನಿನ್ನದು ಪ್ರಶ್ನೆ, ಉತ್ತರ ನನ್ನದು, ಅಳುವುದಾದರೆ ನಾನು ಅಳಬೇಕು, ಮೂಗು ಒರೆಸಿಕೋ ಎಂದು ಅಜ್ಜಿ ಸಮಾಧಾನ ಮಾಡಿದಳು.

ಮಾತು ಮುರಿದದ್ದಷ್ಟೇ ಆದರೆ ಕಾಲ ಸರಿಮಾಡುತ್ತಿತ್ತು. ಎರಡನೆಯ ವಾರ ದೊಡ್ಡವನು ಹೆಂಡತಿಯ ಹತ್ತಿರ ಹೇಳಿದ, ಈ ಕಾರ್ಯಕ್ರಮ ಮುಗಿದ ಮೇಲೆ ತಾನು ತಂಡದಲ್ಲಿ ಇರುವುದಿಲ್ಲ, ಮಾರುಕಟ್ಟೆಯ ಹತ್ತಿರ ಬಾಡಿಗೆ ಮನೆಯೊಂದಿದೆ, ನೋಡಿಕೊಂಡು ಬಂದಿದ್ದೇನೆ ಎಂದು. ಸೊಸೆ ಅದನ್ನು ಅತ್ತೆಗೆ ಹೇಳುವಾಗ ಬಟಾಣಿ ಬಿಡಿಸುತ್ತಿದ್ದ ತಾಯಿಯ ಕೈ ನಿಂತಿತು.

"ನೀನೇನಂದೆ?"

"ನಾನು ಬರಲ್ಲ ಅಂದೆ. ಬರದಿದ್ರೆ ಬೇಡ, ನಾನೊಬ್ಬನೇ ಹೋಗ್ತೀನಿ ಅಂದ್ರು. ಅಷ್ಟಕ್ಕೆ ನಿಂತಿದೆ ಅತ್ತೆ."

ದೊಡ್ಡವನು ತಮ್ಮನಿಗೆ ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದ. ಕಾರ್ಯಕ್ರಮದಲ್ಲಿ ಎಲ್ಲ ಹಾಡುಗಳನ್ನೂ ಮೊದಲ ಶ್ರುತಿಯಲ್ಲೇ ನುಡಿಸಬೇಕು. ಹಾಡಲು ಆಗುತ್ತದೆಯೋ ಇಲ್ಲವೋ ಅದನ್ನು ತಾನು ನೋಡಿಕೊಳ್ಳುತ್ತೇನೆ, ಯಾರ ದಯೆಯೂ ಬೇಡ.

ಚಿಕ್ಕವನು ಎದುರಾಡಲಿಲ್ಲ. ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಹಾಸಿಗೆಬಟ್ಟೆ ಹರಡಿ ಗಿಟಾರನ್ನು ಮಲಗಿಸಿದ. ದಪ್ಪ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆದ. ಅದರ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಸಣ್ಣ ಗೀರುಗಳಿದ್ದವು. ವರ್ಷ ವರ್ಷ ದಪ್ಪ ತಂತಿ ಹಾಕಬೇಕಾಗಿ ಬಂದಂತೆಲ್ಲ ಅವನು ಅವನ್ನು ಅರದಿಂದ ಉಜ್ಜಿ ಅಗಲ ಮಾಡಿದ್ದ. ಈಗ ತೆಳುತಂತಿ ಹಾಕಿದರೆ ಅದು ಗೀರಿನೊಳಗೆ ಅಲ್ಲಾಡಿ ಗಲಗಲ ಅನ್ನುತ್ತಿತ್ತು. ಹಾಗಾಗಿ ಆ ತುಂಡನ್ನೇ ಕಿತ್ತು, ಹೊಸದೊಂದನ್ನು ಕೂರಿಸಿ, ಮತ್ತೆ ಸಣ್ಣ ಗೀರು ಕೊರೆಯಲು ಕೂತ. ತಾಯಿ ಎದುರಿಗೆ ಕೂತು ನೋಡಿದಳು.

"ಅವನು ಹೇಳಿದ ಅಂತ ನೀನು ಮಾಡಿಬಿಡೋದಾ? ಅಷ್ಟು ಜನರ ಮುಂದೆ ಅವನ ಗಂಟಲು ಒಡೆದ್ರೆ?"

"ಒಡೆಯುತ್ತೆ ಅಮ್ಮ. ನನಗೆ ಗೊತ್ತು."

"ಗೊತ್ತಿದ್ದೂ?"

"ಅವನನ್ನ ಕೇಳದೆ ಇಷ್ಟು ವರ್ಷ ಮಾಡಿದೆ. ಇನ್ನೊಂದು ಸಲ ಕೇಳದೆ ಮಾಡಲ್ಲ." ಅರದ ಪುಡಿಯನ್ನು ಊದಿದ. "ನಾನು ಯಾಕೆ ಇಳಿಸಿದೆ ಅಂತ ನಿನಗೆ ಗೊತ್ತಲ್ಲ. ಅವನ ಗಂಟಲು ಎಲ್ಲಿ ಸವೆದು ಹೋಯ್ತು? ಟೊಮೆಟೊ ಪೆಟ್ಟಿಗೆ ಮೇಲೆ ಹೋಯ್ತು. ನನ್ನ ಬೆರಳು ಉಳೀಲಿ ಅಂತ ಹೋಯ್ತು. ಅದನ್ನ ಅವನ ಮುಂದೆ ಆಡಿ ತೋರಿಸೋಕೆ ಬಾಯಿ ಬರಲಿಲ್ಲ. ಬಿರಡೆ ತಿರುಗಿಸೋಕೆ ಕೈ ಬಂತು."

ತಾಯಿ ಮೇಜಿನ ಮೇಲಿನ ಪುಡಿಯನ್ನು ಕೈಯಿಂದ ಒಟ್ಟುಮಾಡುತ್ತ, "ನಾನು ಬಾಯಿ ಬಿಟ್ಟು ಹೀಗಾಯ್ತು," ಅಂದಳು.

"ಬಿಟ್ಟಿದ್ದು ಒಳ್ಳೇದೇ ಆಯ್ತು ಬಿಡು. ಇನ್ನೆರಡು ವರ್ಷ ಹೋಗಿದ್ರೆ ಈ ತಂತಿ ಮೇಲೆ ನೀನು ಬಟ್ಟೆ ಒಣಹಾಕಬಹುದಿತ್ತು."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರು ಬಂತು. ಇಂಥ ಮಗನನ್ನು ಕೊಟ್ಟದ್ದಕ್ಕೆ ದೇವರಿಗೆ ಕೈಮುಗಿಯಬೇಕೋ, ಇಂಥ ಇಬ್ಬರನ್ನು ಒಂದೇ ಮನೆಯಲ್ಲಿ ಕೊಟ್ಟು ಪರೀಕ್ಷೆ ಮಾಡುತ್ತಿರುವುದು ಯಾಕೆಂದು ಕೇಳಬೇಕೋ ತಿಳಿಯದೆ, ಎದ್ದು ಅವನಿಗೆ ಎರಡು ಮೊಟ್ಟೆ ಬೇಯಿಸಿ ಕೊಟ್ಟಳು.

ಮರುದಿನ ಬೆಳಗಿನ ಜಾವ ದೊಡ್ಡವನು ಮಾರುಕಟ್ಟೆಗೆ ಹೊರಡುವ ಮುಂಚೆ ತಾಯಿ ಎದ್ದು ಚಹಾ ಮಾಡಿದಳು. ಅವನು ಬೂಟಿನ ದಾರ ಕಟ್ಟುತ್ತ ಕೂತಿದ್ದ. ಅವನಿಗೆ ಬುದ್ಧಿ ಹೇಳಬೇಕೆಂದು ಅವಳು ಬಂದಿರಲಿಲ್ಲ. ತನಗೆ ಈ ಗುಟ್ಟು ತಿಳಿದದ್ದು ಹೇಗೆಂಬುದನ್ನಷ್ಟೇ ಹೇಳಿದಳು. ಸಂಜೆ ದೀಪ ಹಚ್ಚಿದ ಮೇಲೆ ಯಜಮಾನರೂ ಅವಳೂ ಸೇರಿ ದೇವರ ಹಾಡು ಹೇಳುತ್ತಿದ್ದದ್ದು ಅವನಿಗೆ ಗೊತ್ತೇ ಇತ್ತು. ಮೊದಲ ಸೊಲ್ಲು ಎತ್ತುವುದು ಯಜಮಾನರು. ವಯಸ್ಸಾದಂತೆ ಅವಳ ದನಿ ಮೇಲೆ ಏರದಾಯಿತು. ಆಗ ಅವರು ಎತ್ತುವ ಸೊಲ್ಲೂ ಸ್ವಲ್ಪ ಸ್ವಲ್ಪ ತಗ್ಗಿತು.

"ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ ನಿಮ್ಮಪ್ಪ. ನನಗೆ ಗೊತ್ತಾಗ್ತಿತ್ತು. ಶೆಡ್ಡಲ್ಲಿ ಇವನು ತಂತಿ ಇಳಿಸಿದಾಗ ಕಿವಿಗೆ ಹಾಗೇ ಕೇಳಿಸ್ತು. ನಿನಗೂ ನನ್ನ ಹಾಗೆ ಗೊತ್ತಾಗಿರುತ್ತೆ ಅಂದ್ಕೊಂಡೆ."

"ನಿನಗೆ ಬೇಜಾರಾಗಲಿಲ್ವಾ?"

"ಮೊದಲ ದಿನ ಆಯ್ತು. ಮುದುಕಿ ಆದೆ ಅಂತ. ಎರಡನೇ ದಿನ ಹಾಡು ಸಲೀಸಾಗಿ ಬಂತು. ಮೂರನೇ ದಿನದಿಂದ, ನನ್ನ ದನಿ ಎಲ್ಲಿದೆ ಅಂತ ಇಷ್ಟು ಕಿವಿಗೊಟ್ಟು ಕೇಳೋರು ಒಬ್ಬರಿದ್ದಾರಲ್ಲ ಅನ್ನೋದೇ ದೊಡ್ಡದಾಗಿ ಕಾಣಿಸ್ತು. ಈಗ ಅವರಿಲ್ಲ. ಎಲ್ಲಿಂದ ಎತ್ತಬೇಕು ಅಂತ ಗೊತ್ತಾಗದೆ ಮನಸ್ಸಲ್ಲೇ ಹೇಳ್ಕೋತೀನಿ."

ದೊಡ್ಡವನು ಚಹಾ ಕುಡಿದು ಲೋಟ ಇಟ್ಟ. "ಅಪ್ಪ ಮಾಡಿದ್ದು ಮನೆಯೊಳಗೆ ಅಮ್ಮ. ನಾನು ನಗೆಪಾಟಲಾಗಿದ್ದು ಊರಿನವರೆಲ್ಲರ ಮುಂದೆ," ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೋದ. ಅವಳ ಮಾತು ಅವನಿಗೆ ತಾಕಿತೋ ಇಲ್ಲವೋ ತಿಳಿಯಲಿಲ್ಲ. ಅವಳು ಖಾಲಿ ಲೋಟ ತೊಳೆದು, ಆಗಬೇಕಾದ್ದನ್ನು ದೇವರಿಗೆ ಬಿಟ್ಟು, ಹಿಟ್ಟು ನಾದಲು ಕೂತಳು.

ಅದಾಗಿ ಕೆಲವು ದಿನಕ್ಕೆ, ಕಾರ್ಯಕ್ರಮ ಇನ್ನೇನು ಹತ್ತಿರ ಬಂದಿರುವಾಗ, ಹಳೆಯ ಶ್ರುತಿಯಲ್ಲಿ ಮೊದಲ ಅಭ್ಯಾಸ ನಡೆಯಿತು. ಬೇಕರಿಯವನು ತೋಳಿಗೆ ಮೆತ್ತಿದ ಹಿಟ್ಟನ್ನೂ ಒರೆಸದೆ ಬಂದ. ಬಂದವನು ತಾಯಿಗೆ ಒಂದು ಬ್ರೆಡ್ಡು ಕೊಟ್ಟು, ಇವತ್ತು ಏನಾಗುತ್ತದೋ ಎಂಬಂತೆ ಹುಬ್ಬೇರಿಸಿ ಶೆಡ್ಡಿನೊಳಗೆ ಹೋದ. ಸಂಜೆಯ ಬಿಸಿಲಿನ್ನೂ ಇತ್ತು. ತಾಯಿ ಹಗ್ಗದ ಮೇಲಿನ ಅಂಗಿಗಳನ್ನು ತೆಗೆಯುವ ನೆವದಲ್ಲಿ ಹಿತ್ತಲಲ್ಲಿ ನಿಂತಳು. ಶೆಡ್ಡಿನ ಬಾಗಿಲು ಸೆಕೆಗೆ ತೆರೆದಿತ್ತು.

ಗಿಟಾರು ಎದ್ದಿತು. ಎಷ್ಟೋ ವರ್ಷದ ಮೇಲೆ ಅವಳು ಆ ಎಳೆಯ, ಚೂಪಾದ ಸದ್ದನ್ನು ಕೇಳಿದಳು. ಮಕ್ಕಳಿಬ್ಬರೂ ಮೀಸೆ ಮೂಡುವ ವಯಸ್ಸಿನಲ್ಲಿದ್ದಾಗಿನ ಸದ್ದು ಅದು. ದೊಡ್ಡವನು ಹಾಡಿದ. ಮೊದಲ ಸಾಲು ನಡೆಯಿತು, ಎರಡನೆಯದೂ ನಡೆಯಿತು. ಮೇಲಕ್ಕೆ ಕೂಗಿ ಹಿಡಿಯಬೇಕಾದ ಕಡೆ ದನಿ ಹರಿದ ಬಟ್ಟೆಯಂತೆ ಎರಡಾಯಿತು. ಕೆಮ್ಮಿದ. ನೀರು ಕುಡಿದ. ಮತ್ತೆ ಹಾಡಿದ. ಅದೇ ಜಾಗದಲ್ಲಿ ಮತ್ತೆ ಹರಿಯಿತು. ಮೂರನೆಯ ಸಲ ದನಿಯೇ ಬರಲಿಲ್ಲ, ಗಾಳಿ ಬಂತು.

ಡ್ರಮ್ಮು ನಿಂತಿತು. ಎಲ್ಲ ನಿಂತಿತು. ಚಿಕ್ಕವನ ಕೈ ಬಿರಡೆಗಳ ಹತ್ತಿರವಿತ್ತು, ಆದರೆ ಮುಟ್ಟಿರಲಿಲ್ಲ.

"ಯಾಕೋ ಸುಮ್ನೆ ನಿಂತಿದ್ದೀಯ?" ದೊಡ್ಡವನ ದನಿ ಒರಟಾಗಿತ್ತು. ಆದರೆ ನಡುವೆ ಮಗಳಿರಲಿಲ್ಲ. ನೇರ ತಮ್ಮನಿಗೇ ಆಡಿದ ಮಾತು.

"ನೀನು ಹೇಳಿದ ಶ್ರುತಿ ಅಣ್ಣ ಇದು. ಬೇರೆ ಬೇಕಾದ್ರೆ ನೀನೇ ಹೇಳಬೇಕು."

ಅಂಗಿಯೊಂದನ್ನು ಎದೆಗೊತ್ತಿಕೊಂಡು ತಾಯಿ ನಿಂತಲ್ಲೇ ನಿಂತಳು. ಆ ಕ್ಷಣ ಅವಳು ಬೇಡಿಕೊಂಡದ್ದು ದೇವರಿಗೆ ಮಾತ್ರ ಗೊತ್ತು.

"ಇಳಿಸು," ಅಂದ ದೊಡ್ಡವನು.

"ಎಷ್ಟು?"

ಇಷ್ಟು ವರ್ಷಗಳಲ್ಲಿ ಯಾರೂ ಅವನನ್ನು ಕೇಳಿರದ ಪ್ರಶ್ನೆ ಅದು. ದೊಡ್ಡವನು ಪೆಟ್ಟಿಗೆಯೊಂದರ ಮೇಲೆ ಕೂತ. ಮುಖ ಒರೆಸಿಕೊಂಡ.

"ಮೊನ್ನೆವರೆಗೂ ಎಷ್ಟಿತ್ತೋ ಅಷ್ಟು," ಅಂದವನು ತಡೆದು, "ಇಲ್ಲ. ಅದರಲ್ಲೂ ಹೋದ ವರ್ಷದಿಂದ ಕೊನೇಲಿ ಉಸಿರು ಸಾಲ್ತಿರಲಿಲ್ಲ. ನಿನಗೆ ಹೇಳೋಕೆ ನಾಚಿಕೆ ಆಗಿತ್ತು. ಇನ್ನೂ ಒಂಚೂರು ಇಳಿಸು," ಅಂದ.

"ನನಗೆ ಅದು ಗೊತ್ತಾಗಲೇ ಇಲ್ವಲ್ಲ," ಅಂದ ಚಿಕ್ಕವನು. ಅವನ ದನಿಯಲ್ಲಿ ನಿಜವಾದ ನೋವಿತ್ತು.

"ನಿನಗೆ ಗೊತ್ತಾಗಬಾರದು ಅಂತಾನೇ ಹಾಡಿದ್ದು. ನೀನೊಬ್ಬನೇ ಗುಟ್ಟು ಇಟ್ಕೋಬೇಕಾ?"

ಮೊದಲು ನಕ್ಕವನು ಬೇಕರಿಯವನು. ಆಮೇಲೆ ಯಾರ ನಗು ಯಾರದೆಂದು ಹಿತ್ತಲಿಗೆ ತಿಳಿಯಲಿಲ್ಲ. ತಾಯಿ ಅಂಗಿಗಳನ್ನೆಲ್ಲ ತೋಳಿನ ಮೇಲೆ ಹಾಕಿಕೊಂಡು ಬೇಗ ಬೇಗ ಒಳಗೆ ನಡೆದಳು. ಇವತ್ತು ಒಂದೇ ಊಟ, ಎಲ್ಲರಿಗೂ ಒಂದೇ ಸಲ ತಟ್ಟೆ ಹಾಕು ಎಂದು ಸೊಸೆಗೆ ಹೇಳಿದಳು. ಸೊಸೆ ಏನಾಯಿತೆಂದು ಕೇಳಲಿಲ್ಲ. ಅತ್ತೆಯ ಮುಖ ನೋಡಿ, ಇನ್ನೂ ನಾಲ್ಕು ಆಲೂಗಡ್ಡೆ ನೀರಿಗೆ ಹಾಕಿದಳು.

ದೊಡ್ಡವನು ಬಂದು ತನ್ನ ಜಾಗದಲ್ಲಿ ಕೂತ. ಮಗಳ ಕಡೆ ನೋಡಿ, ನಿನ್ನ ಕಿವಿ ಒಳ್ಳೆಯದು, ಅಭ್ಯಾಸಕ್ಕೆ ನಾಳೆಯಿಂದ ನೀನೂ ಬಂದು ಕೂತುಕೋ, ನಮ್ಮಿಬ್ಬರನ್ನೂ ನಂಬುವ ಹಾಗಿಲ್ಲ ಅಂದ. ಬಾಡಿಗೆ ಮನೆಯ ಮಾತನ್ನು ಅವನೂ ಎತ್ತಲಿಲ್ಲ, ಹೆಂಡತಿಯೂ ಎತ್ತಲಿಲ್ಲ. ಅಷ್ಟರಲ್ಲಿ ಚಿಕ್ಕವನು ಬ್ರೆಡ್ಡಿಗೆ ಕೈಹಾಕುತ್ತ, ಇನ್ನೂ ಇಳಿಸಬೇಕಾದರೆ ಹೊಸ ದಪ್ಪ ತಂತಿ ತರಬೇಕು, ಗೀರು ಮತ್ತೆ ಅಗಲ ಮಾಡಬೇಕು, ಭಾನುವಾರವಿಡೀ ಕೂತು ಕೊರೆದದ್ದು ದಂಡ ಎಂದು ಗೊಣಗಿದ.

"ಕೊರಿ ಅಂತ ನಾನು ಹೇಳಿದ್ನಾ?"

"ಹೇಳಿದ್ದು ನೀನೇ. ಮೊದಲ ಶ್ರುತಿ ಬೇಕು ಅಂತ ಹೇಳಿ ಕಳಿಸಿದ್ದು ಯಾರು?"

"ಹೇಳಿದ್ದಕ್ಕೆಲ್ಲ ಹೂಂ ಅನ್ನೋನಾ ನೀನು? ಇಷ್ಟು ವರ್ಷ ಹೇಳದೇ ಇದ್ದದ್ದೆಲ್ಲ ಮಾಡಿದವನು."

"ಆ ತಂತಿ ಇನ್ನೂ ಇಳಿದ್ರೆ ಸ್ವರ ಬರಲ್ಲ ಅಣ್ಣ, ಗೊರಕೆ ಬರುತ್ತೆ."

"ಗೊರಕೆಗೇ ಜನ ಕುಣೀತಾರೆ. ನೀನು ನುಡಿಸು."

"ನೋಡಿ, ಇವರು ಶುರು ಮಾಡಿದ್ರು," ಎಂದು ಸೊಸೆ ಬಟ್ಟಲು ಕೆಳಗಿಟ್ಟಳು. ಕೊನೆಯ ಆಲೂಗಡ್ಡೆಯ ಮೇಲೆ ಎರಡು ಚಮಚಗಳೂ ಒಟ್ಟಿಗೆ ಬಿದ್ದಿದ್ದವು. ಇಬ್ಬರೂ ಬಿಡಲೊಲ್ಲರು.

"ಅಜ್ಜಿ, ಇವರಿಗೆ ಹೇಳಿ. ಮತ್ತೆ ಜಗಳ ಆಡ್ತಿದ್ದಾರೆ."

"ಆಡಲಿ ಮಗು," ಅಂದಳು ತಾಯಿ. "ಹೊಟ್ಟೆ ತುಂಬ ಆಡಲಿ." ಅವಳು ತನ್ನ ತಟ್ಟೆಯ ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಒಂದನ್ನು ಈ ಕಡೆಗೂ ಒಂದನ್ನು ಆ ಕಡೆಗೂ ಹಾಕಿದಳು.